ಹಂದಿ ಮಾಂಸ: ಅದರ ಸತ್ವ, ಅದರ ಪ್ರಾಣಿ ಮತ್ತು ತಿನ್ನದವರಿಗೂ ತಗಲುವ ಒಂದು ರೋಗ



ಕಾಫಿ ಅಡಿಕೆಗಳ ಧಾರಣೆ, ಗೊಬ್ಬರದ ದಾಸ್ತಾನು, ಬೋರ್ಡೋ ಸಿಂಪಡಣೆ ಇವುಗಳಿಗೆ ಮೀಸಲಾದ ನಮ್ಮ ಸಂಘದ ಪತ್ರಿಕೆಯಲ್ಲಿ ಹಂದಿ ಮಾಂಸದ ಪ್ರಸ್ತಾಪವೇಕೆ ಎಂದು ಹಲವರು ಹುಬ್ಬೇರಿಸಬಹುದು. ನಮ್ಮ ಸದಸ್ಯರಲ್ಲಿ ಅನೇಕರು ಅದನ್ನು ಮನೆಯೊಳಗೆ ತರುವವರಲ್ಲ. ಇನ್ನನೇಕರಿಗೆ ಅದಿಲ್ಲದ ಹಬ್ಬ ಹಬ್ಬವೇ ಅಲ್ಲ. ಈ ಇಬ್ಬರಿಗೂ ಸಲ್ಲುವಂತೆ ಬರೆಯಬೇಕಾಗಿ ಬಂದಿರುವುದು ಎರಡು ಕಾರಣಗಳಿಂದ.

ಮೊದಲನೆಯದು, ಕೊಡಗಿನ ಗಡಿಯ ಕಡೆಯ ಸದಸ್ಯರೊಬ್ಬರು ಕಚೇರಿಗೆ ಬರೆದ ಕಾಗದ. ಕಾಳುಮೆಣಸು ಕೈಕೊಟ್ಟ ವರ್ಷ ಉಪಕಸುಬಾಗಿ ಹತ್ತಿಪ್ಪತ್ತು ಹಂದಿ ಸಾಕಿದರೆ ಹೇಗೆ, ಆ ಮಾಂಸದಲ್ಲಿ ಕೊಬ್ಬಲ್ಲದೆ ಬೇರೇನಾದರೂ ಇದೆಯೇ ಎಂದು ಅವರು ಕೇಳಿದ್ದಾರೆ. ಎರಡನೆಯದು ನಮ್ಮ ತೋಟದಲ್ಲೇ ನಡೆದದ್ದು. 2020ರ ಜನವರಿಯಲ್ಲಿ, ಕೊಯ್ಲಿನ ನಡುವೆ, ಗೋಕಾಕ ತಾಲ್ಲೂಕಿನ ಕೊಣ್ಣೂರಿನಿಂದ ಬಂದಿದ್ದ ಆಳೊಬ್ಬ ಕಾಫಿ ಮೂಟೆ ಹೊತ್ತು ಕಣಕ್ಕೆ ಬರುತ್ತಿದ್ದವನು ದಾರಿಯಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡ. ಇಪ್ಪತ್ತೆಂಟು ವರ್ಷದ ಗಟ್ಟಿ ಆಳು. ಹಿಂದೆಂದೂ ಫಿಟ್ಸ್ ಬಂದವನಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ತೆಗೆದ ವೈದ್ಯರು, ಮೆದುಳಿನಲ್ಲಿ ಹಂದಿಯ ಲಾಡಿಹುಳುವಿನ ಮರಿ ಗೂಡು ಕಟ್ಟಿದೆ ಎಂದರು. ಅವನ ಹೆಂಡತಿಗೆ ರೋಗಕ್ಕಿಂತ ಆ ಮಾತೇ ಹೆಚ್ಚು ನೋವಾಯಿತು. "ನಾವ್ ಲಿಂಗಾ ಕಟ್ಟಿದ ಮಂದಿ ಅದೀವ್ರೀ ಸಾವ್ಕಾರ್ರ, ತತ್ತಿ ಸೈತ ಮುಟ್ಟಂಗಿಲ್ಲ, ಹಂದಿ ಎಲ್ಲಿಂದ ಬಂತ್ರೀ?" ಎಂದು ಆಕೆ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಗಂಡ ಹೊರಗೆಲ್ಲೋ ಕದ್ದು ತಿಂದಿರಬೇಕೆಂದು ನಾವೂ ಒಳಗೊಳಗೇ ಅಂದುಕೊಂಡೆವು. ಆ ಊಹೆ ತಪ್ಪೆಂದು ನಮಗೆ ತಿಳಿಯಲು ಕೆಲವು ದಿನ ಹಿಡಿಯಿತು. ಆ ವಿಷಯಕ್ಕೆ ಮುಂದೆ ಬರುತ್ತೇವೆ. ಮೊದಲು ಕಾಗದ ಬರೆದ ಸದಸ್ಯರ ಪ್ರಶ್ನೆಯನ್ನು ತೆಗೆದುಕೊಳ್ಳೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಭಾರತದ ಆಹಾರ ಪದಾರ್ಥಗಳ ಸತ್ವವನ್ನು ಅಳೆದು ಪ್ರಕಟಿಸಿರುವ ಕೋಷ್ಟಕಗಳು ಪ್ರಸಿದ್ಧವಾದವು. ಅವುಗಳ ಪ್ರಕಾರ ಕೊಬ್ಬು ತೆಗೆದ 100 ಗ್ರಾಂ ಹಂದಿ ಮಾಂಸದಲ್ಲಿ 77 ಗ್ರಾಂನಷ್ಟು ನೀರೇ ಇರುತ್ತದೆ. ಸಸಾರಜನಕ 18.7 ಗ್ರಾಂ, ಕೊಬ್ಬು 4.4 ಗ್ರಾಂ, ದೊರೆಯುವ ಶಕ್ತಿ 114 ಕ್ಯಾಲೊರಿ. ಅದೇ ಪುಸ್ತಕದಲ್ಲಿ ಕುರಿ ಮಾಂಸಕ್ಕೆ ಕೊಟ್ಟಿರುವ ಅಂಕಿಗಳು ಸಸಾರಜನಕ 18.5, ಕೊಬ್ಬು 13.3, ಶಕ್ತಿ 194. ಹಂದಿ ಎಂದರೆ ಬರೀ ಕೊಬ್ಬು ಎಂಬ ನಂಬಿಕೆಯುಳ್ಳವರಿಗೆ ಇದು ಆಶ್ಚರ್ಯವಾಗಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಈ ಲೆಕ್ಕ ಕೊಬ್ಬನ್ನು ಬಿಡಿಸಿದ ಸ್ನಾಯುವಿನದು. ಹಂದಿಯ ಕೊಬ್ಬು ಬಹುಪಾಲು ಚರ್ಮದ ಕೆಳಗೆ ಹಾಸಾಗಿ ಕೂತಿರುವುದರಿಂದ ಅದನ್ನು ಕತ್ತಿಯಿಂದ ಬೇರ್ಪಡಿಸುವುದು ಸುಲಭ. ಬೇರ್ಪಡಿಸುವ ಮನಸ್ಸು ಮಾತ್ರ ನಮ್ಮ ಕಡೆ ಯಾರಿಗೂ ಇಲ್ಲ. ಮದುವೆ ಮನೆಯಲ್ಲಿ ಕೊಬ್ಬಿಲ್ಲದ ತುಂಡು ಬಡಿಸಿದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಹೊಟ್ಟೆಯ ಭಾಗದ ಮಾಂಸವನ್ನು ತೂಗಿ ನೋಡಿದರೆ ಅರ್ಧಕ್ಕೂ ಮೀರಿ ಕೊಬ್ಬೇ ಇರುತ್ತದೆ. 100 ಗ್ರಾಂಗೆ 500 ಕ್ಯಾಲೊರಿಗೂ ಹೆಚ್ಚು, ಸಸಾರಜನಕ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಒಂದೇ ಪ್ರಾಣಿಯ ಎರಡು ತುಂಡುಗಳಲ್ಲಿ ಇಷ್ಟು ಅಂತರವಿರುವಾಗ 'ಹಂದಿ ಮಾಂಸ ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಗೆ ಯಾವ ತುಂಡು ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು.

ಹಂದಿಯ ಕೊಬ್ಬಿನ ಗುಣವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಹೃದಯಕ್ಕೆ ಕೇಡೆನ್ನುವ ಗಟ್ಟಿ ಕೊಬ್ಬಿನ ಅಂಶ ಇದರಲ್ಲಿ ನೂರಕ್ಕೆ ನಲವತ್ತರಷ್ಟು. ಉಳಿದುದರಲ್ಲಿ ಹೆಚ್ಚಿನ ಪಾಲು ಕಡಲೆಕಾಯಿ ಎಣ್ಣೆಯಲ್ಲಿ ಇರುವಂಥದೇ ಆದ ಓಲಿಕ್ ಆಮ್ಲ. ಆದ್ದರಿಂದ ಇದು ತುಪ್ಪಕ್ಕಿಂತಲೂ ತೆಂಗಿನೆಣ್ಣೆಗಿಂತಲೂ ಮೆತ್ತನೆಯ ಕೊಬ್ಬು. ಹಾಗೆಂದು ಐವತ್ತು ದಾಟಿದ, ಜೀಪಿನಿಂದ ಇಳಿಯದೆ ತೋಟ ನೋಡುವ ನಮ್ಮಂಥವರು ಅದನ್ನು ನೆಪ ಮಾಡಿಕೊಳ್ಳಬಾರದು. ದಿನವಿಡೀ ಗುಡ್ಡ ಹತ್ತಿ ಇಳಿಯುವ ಆಳಿಗೆ ಒಗ್ಗುವುದು ಸಾಹುಕಾರನಿಗೆ ಒಗ್ಗುವುದಿಲ್ಲ.

ಹಂದಿ ಮಾಂಸದ ನಿಜವಾದ ವಿಶೇಷವಿರುವುದು ಥಯಾಮಿನ್ ಎಂಬ ಬಿ-1 ಜೀವಸತ್ವದಲ್ಲಿ. ಕೋಷ್ಟಕದಲ್ಲಿ 100 ಗ್ರಾಂ ಹಂದಿ ಮಾಂಸಕ್ಕೆ 0.54 ಮಿಲಿಗ್ರಾಂ, ಕುರಿಗೆ 0.18 ಮಿಲಿಗ್ರಾಂ ಎಂದಿದೆ, ಅಂದರೆ ಮೂರು ಪಟ್ಟು. ದಿನವೊಂದಕ್ಕೆ ದುಡಿಯುವ ಮನುಷ್ಯನಿಗೆ ಒಂದೂವರೆ ಮಿಲಿಗ್ರಾಂ ಆಸುಪಾಸು ಬೇಕು. ನಮ್ಮಂಥ ಅನ್ನ ಉಣ್ಣುವ ನಾಡಿಗೆ ಈ ಜೀವಸತ್ವ ಏಕೆ ಮುಖ್ಯವೆಂಬುದಕ್ಕೆ ಒಂದು ಚರಿತ್ರೆಯೇ ಇದೆ. ಡಚ್ಚರ ಆಳ್ವಿಕೆಯ ಜಾವಾದಲ್ಲಿ 1890ರ ದಶಕದಲ್ಲಿ ಐಕ್ಮನ್ ಎಂಬ ವೈದ್ಯರು, ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡಿರುವ ಅಕ್ಕಿ ಹಾಕಿದರೆ ಎದ್ದು ಓಡಾಡುವುದನ್ನೂ ಗಮನಿಸಿದರು. ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಹೊರಬಿದ್ದದ್ದು ಹಾಗೆ. ಅದಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಮೇಲೆ ಹೇಳಿದ ಹೈದರಾಬಾದಿನ ಸಂಸ್ಥೆಯೂ ಮೊದಲು ಹುಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ, 1918ರಲ್ಲಿ, ಮೆಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯಲ್ಲಿ ತೆರೆದ ಬೆರಿಬೆರಿ ವಿಚಾರಣಾ ಘಟಕವಾಗಿ. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು.

ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಥಯಾಮಿನ್ 0.06 ಮಿಲಿಗ್ರಾಂ ಮಾತ್ರ ಉಳಿದಿರುತ್ತದೆ. ಕುಚ್ಚಲಕ್ಕಿಯಲ್ಲಿ 0.21 ಇರುತ್ತದೆ, ಭತ್ತವನ್ನು ಬೇಯಿಸುವಾಗ ತೌಡಿನ ಸತ್ವ ಕಾಳಿನೊಳಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಹೀಗಾಗಿ ಬಿಳಿ ಅನ್ನದ ಜೊತೆ ಹಂದಿ ಸಾರು ಉಂಡವನಿಗೆ ಅನ್ನದಲ್ಲಿ ಕಳೆದುದು ಸಾರಿನಲ್ಲಿ ಸಿಗುತ್ತದೆ. ಸಾರು ಎಂದು ಬೇಕೆಂದೇ ಹೇಳುತ್ತಿದ್ದೇವೆ. ಈ ಜೀವಸತ್ವ ನೀರಿನಲ್ಲಿ ಕರಗುವಂಥದು, ಹೆಚ್ಚು ಕಾಯಿಸಿದರೆ ಒಂದು ಪಾಲು ನಾಶವಾಗುವಂಥದು. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಸತ್ವವನ್ನೇ ಚೆಲ್ಲಿದಂತೆ. ಬೇಗ ಬೇಯಲೆಂದು ಸೋಡಾ ಹಾಕುವ ಹೋಟೆಲಿನವರ ಪದ್ಧತಿ ಇನ್ನೂ ಕೆಟ್ಟದ್ದು, ಏಕೆಂದರೆ ಕ್ಷಾರದಲ್ಲಿ ಥಯಾಮಿನ್ ಬದುಕುವುದಿಲ್ಲ. ಹುಳಿಯಲ್ಲಿ ಅದು ಹೆಚ್ಚು ತಾಳುತ್ತದೆ.

ಇಲ್ಲಿ ಕೊಡಗಿನವರ ಅಡಿಗೆಯನ್ನು ನೆನೆಯದೆ ಮುಂದೆ ಹೋಗಲಾಗದು. ಪಂದಿಕರಿಗೆ ಅವರು ಕೊನೆಯಲ್ಲಿ ಸೇರಿಸುವ ಕಾಚಂಪುಳಿ ಎಂಬ ಕಪ್ಪನೆಯ ಗಟ್ಟಿ ಹುಳಿ, ನಮ್ಮ ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣಿನದು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದುದನ್ನು ಆಯ್ದು, ಬುಟ್ಟಿಯಲ್ಲಿಟ್ಟು ರಸ ತೊಟ್ಟಿಕ್ಕಿಸಿ, ಆ ರಸವನ್ನು ಒಲೆಯ ಮೇಲೆ ಗಂಟೆಗಟ್ಟಲೆ ಬತ್ತಿಸುತ್ತಾರೆ. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಹುರಿದ ಮೆಣಸು, ಜೀರಿಗೆ, ಕೊತ್ತಂಬರಿಯ ಪುಡಿಯೂ ಈ ಹುಳಿಯೂ ಸೇರಿದ ಸಾರು ಕೊಬ್ಬಿನ ಜಿಡ್ಡನ್ನು ಮುರಿಯುತ್ತದೆ. ಜೊತೆಗೆ ಕಡಂಬುಟ್ಟು. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧ ಪೂಜೆ ಮುಗಿದ ಮೇಲೆ ಈ ಅಡಿಗೆಯಿಲ್ಲದ ಕೊಡವ ಮನೆ ಅಪರೂಪ. ರಸಾಯನಶಾಸ್ತ್ರ ಓದದೆಯೇ ನೀರು ಚೆಲ್ಲದೆ, ಸೋಡಾ ಹಾಕದೆ, ಹುಳಿ ಸೇರಿಸಿ ಬೇಯಿಸುವ ಕ್ರಮವನ್ನು ಅವರ ಅಜ್ಜಿಯಂದಿರು ಹಾಕಿಕೊಟ್ಟಿದ್ದಾರೆ.

ಇನ್ನು ಕಬ್ಬಿಣದಂಶ. ಮಾಂಸದಲ್ಲಿ ಅದು 2 ಮಿಲಿಗ್ರಾಂ ಚಿಲ್ಲರೆ, ಅಷ್ಟೇನೂ ಹೆಚ್ಚಲ್ಲ. ಆದರೆ ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಹಂದಿಯ ಈಲಿಯಲ್ಲಂತೂ 100 ಗ್ರಾಂಗೆ 20 ಮಿಲಿಗ್ರಾಂಗೂ ಮೇಲ್ಪಟ್ಟು ಇರುತ್ತದೆ. ಲೈನು ಮನೆಗಳ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದು ಬಲ್ಲವರು ಇದರ ಬೆಲೆ ಬಲ್ಲರು. ಬಿ-12 ಜೀವಸತ್ವವೂ ಉಂಟು. ಸುಣ್ಣದಂಶ ನಗಣ್ಯ, ನಾರಂತೂ ಇಲ್ಲವೇ ಇಲ್ಲ. ಸಿ ಜೀವಸತ್ವವನ್ನು ಬೇರೆ ಕಡೆಯೇ ಹುಡುಕಬೇಕು.

ತಿನ್ನದವರು ಇದನ್ನು ಓದಿ ತಾವೇನೋ ಕಳೆದುಕೊಂಡೆವೆಂದು ಕೊರಗಬೇಕಾಗಿಲ್ಲ. ನಮ್ಮ ಕೊಣ್ಣೂರಿನ ಆಳಿನ ಬುತ್ತಿಯನ್ನೇ ನೋಡಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರು. ಜೋಳದಲ್ಲಿ ಥಯಾಮಿನ್ 0.37 ಮಿಲಿಗ್ರಾಂ, ಶೇಂಗಾದಲ್ಲಿ 0.90. ಸಸಾರಜನಕವೂ ಶೇಂಗಾದಲ್ಲಿ ನೂರಕ್ಕೆ 25. ಹಂದಿಯನ್ನು ಮೀರಿಸುವ ಸತ್ವ ಆ ಬುತ್ತಿಯಲ್ಲಿ ಇದೆ, ಮೊಸರಿನಿಂದ ಒಂದಿಷ್ಟು ಬಿ-12 ಕೂಡ ಸಿಗುತ್ತದೆ. ಪೋಷಣೆಯ ದೃಷ್ಟಿಯಿಂದ ಯೋಚಿಸಬೇಕಾದವರು ಮೂರು ಹೊತ್ತೂ ಪಾಲಿಶ್ ಅಕ್ಕಿಯ ಅನ್ನಕ್ಕೆ ತಿಳಿಸಾರು ಕಲಸಿ ಉಣ್ಣುವ ನಾವು.

ಮಾಂಸದ ಮಾತು ಇಷ್ಟು ಸಾಕು. ಆ ಪ್ರಾಣಿಯ ವಿಚಾರ ಹೇಳೋಣ.

ಊರ ಹಂದಿ, ಸೀಮೆ ಹಂದಿ, ನಮ್ಮ ಅಡಿಕೆ ಸಸಿ ಬುಡಮೇಲು ಮಾಡುವ ಕಾಡುಹಂದಿ, ಇವೆಲ್ಲ ಮೂಲತಃ ಒಂದೇ ಜಾತಿ. ಸುಮಾರು ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿಯೂ ಚೀನಾದಲ್ಲಿಯೂ ಬೇರೆಬೇರೆಯಾಗಿ ಮನುಷ್ಯ ಕಾಡುಹಂದಿಯನ್ನು ಪಳಗಿಸಿದ. ಕಾಡುಹಂದಿಯ ಬೇಟೆ ಕೊಡಗಿನಲ್ಲಿ ಹಿಂದೆ ಹಬ್ಬದ ಅಂಗವೇ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ನಿಂತಿತು. ತೋಟಕ್ಕೆ ನುಗ್ಗಿತೆಂದು ತಾನೇ ಕೋವಿ ಹಿಡಿದು ಹೊರಡುವ ಹಕ್ಕು ಬೆಳೆಗಾರನಿಗೆ ಇಲ್ಲ. ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಉರುಳು ಹಾಕುವುದು, ಬೇಲಿಗೆ ಕರೆಂಟು ಕೊಡುವುದು ಇವೂ ಅಪರಾಧಗಳೇ, ಹಂದಿಗೆ ಇಟ್ಟದ್ದಕ್ಕೆ ಮನುಷ್ಯರೂ ಆನೆಗಳೂ ಬಲಿಯಾಗಿರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಬೆಳೆನಾಶಕ್ಕೆ ಪರಿಹಾರದ ಅರ್ಜಿ ಹಾಕುವ ವಿಚಾರವನ್ನು ಬೇರೆ ಸಂಚಿಕೆಯಲ್ಲಿ ಬರೆಯುತ್ತೇವೆ.

ಹಂದಿ ಹೊಲಸು ಪ್ರಾಣಿ ಎಂಬ ಮಾತು ಅರ್ಧ ಮಾತ್ರ ನಿಜ. ಅದಕ್ಕೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲೇರಿದಾಗ ಒದ್ದೆಯಾಗದಿದ್ದರೆ ಸಾಯುತ್ತದೆ. ಶುದ್ಧ ನೀರು ಸಿಕ್ಕರೆ ಅದರಲ್ಲೇ ಹೊರಳುತ್ತದೆ, ಸಿಗದಿದ್ದರೆ ಚರಂಡಿಗೆ ಇಳಿಯುತ್ತದೆ. ಕೊಟ್ಟಿಗೆಯಲ್ಲಿ ಸಾಕಷ್ಟು ಜಾಗವಿಟ್ಟು ನೋಡಿ, ಮಲಗುವ ಮೂಲೆ ಬೇರೆ, ಸಗಣಿ ಹಾಕುವ ಮೂಲೆ ಬೇರೆ ಮಾಡಿಕೊಳ್ಳುತ್ತದೆ. ನಮ್ಮ ದನಗಳಿಗೆ ಆ ವಿವೇಕವಿಲ್ಲ. ಮೂಸುವ ಶಕ್ತಿ, ನೆನಪು, ಕಲಿಯುವ ಬುದ್ಧಿ ಇವುಗಳಲ್ಲಿ ಹಂದಿ ನಾಯಿಗೆ ಸಮನೆನ್ನುತ್ತಾರೆ. ಹಸುವಿನಂತೆ ನಾಲ್ಕು ಕೋಣೆಯ ಜಠರವಿಲ್ಲದೆ ನಮ್ಮಂತೆ ಒಂದೇ ಜಠರವಿರುವುದರಿಂದ ಬರೀ ಹುಲ್ಲು ತಿಂದು ಬದುಕಲಾರದು. ಕಾಳು, ಗೆಡ್ಡೆ, ಹಣ್ಣು, ಹುಳು, ಎಂಜಲು, ಏನು ಸಿಕ್ಕರೂ ತಿನ್ನುತ್ತದೆ. ಕಟ್ಟಿ ಹಾಕಿ ಮೇವು ಕೊಡದಿದ್ದರೆ ಬಯಲಲ್ಲಿ ಮನುಷ್ಯನ ಮಲವನ್ನೂ ತಿನ್ನುತ್ತದೆ. ಆ ಪ್ರಾಣಿಗೆ ಕೆಟ್ಟ ಹೆಸರೂ, ನಮಗೆ ರೋಗವೂ ಬಂದದ್ದು ಇದರಿಂದ.

ಆ ರೋಗದ ಸುತ್ತನ್ನು ಸದಸ್ಯರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ. ಓದಿದವರೂ ಇದರಲ್ಲಿ ಎಡವುತ್ತಾರೆ, ನಾವೂ ಎಡವಿದ್ದೆವು.

ಈ ಲಾಡಿಹುಳು ದೊಡ್ಡದಾಗಿ ಬಾಳುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಎರಡರಿಂದ ನಾಲ್ಕು ಮೀಟರು ಉದ್ದ ಬೆಳೆದು, ವರ್ಷಗಟ್ಟಲೆ ಇದ್ದರೂ ಆ ಮನುಷ್ಯನಿಗೆ ತಿಳಿಯದೇ ಹೋಗಬಹುದು. ಹುಳುವಿನ ತುಂಡುಗಳೂ ಸಾವಿರಾರು ಮೊಟ್ಟೆಗಳೂ ಮಲದೊಡನೆ ಹೊರಬೀಳುತ್ತವೆ. ಬಯಲಲ್ಲಿ ಬಿದ್ದ ಮೊಟ್ಟೆಯನ್ನು ಹಂದಿ ತಿಂದರೆ, ಅದರ ಹೊಟ್ಟೆಯಲ್ಲಿ ಮೊಟ್ಟೆಯೊಡೆದು ಮರಿ ರಕ್ತದ ಮೂಲಕ ಮಾಂಸಕ್ಕೆ ಹೋಗಿ, ಎರಡು ಮೂರು ತಿಂಗಳಲ್ಲಿ ಅಕ್ಕಿಕಾಳಿಗಿಂತ ದೊಡ್ಡ ಬಿಳಿಯ ನೀರುಗುಳ್ಳೆಯಾಗಿ ಕೂರುತ್ತದೆ. ಅಂಥ ಮಾಂಸವನ್ನು ಅರೆಬರೆ ಬೇಯಿಸಿ ತಿಂದವನ ಕರುಳಿನಲ್ಲಿ ಆ ಗುಳ್ಳೆಯಿಂದ ಮತ್ತೆ ದೊಡ್ಡ ಹುಳು ಬೆಳೆಯುತ್ತದೆ. ಗಮನಿಸಿ, ಮಾಂಸ ತಿಂದವನಿಗೆ ಆಗುವುದು ಕರುಳಿನ ಹುಳು, ಮೆದುಳಿನ ಗೂಡಲ್ಲ.

ಮೆದುಳಿನ ಗೂಡು ಆಗುವುದು ಮೊಟ್ಟೆ ನುಂಗಿದವನಿಗೆ. ಅಂದರೆ ಹಂದಿಗೆ ಆದದ್ದೇ ಮನುಷ್ಯನಿಗೂ ಆಗುತ್ತದೆ. ಕರುಳಿನಲ್ಲಿ ಹುಳುವಿರುವವನು ಕಕ್ಕಸಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯದೆ ರೊಟ್ಟಿ ತಟ್ಟಿದರೆ, ಅವನ ಮಲ ಬಿದ್ದ ಕಾಲುವೆಯ ನೀರಿನಿಂದ ಮೆಂತ್ಯ, ಮೂಲಂಗಿ ಬೆಳೆದರೆ, ಆ ಮೊಟ್ಟೆ ಯಾರ ಹೊಟ್ಟೆಗಾದರೂ ಹೋಗಬಹುದು. ಮಡಿಯುಟ್ಟು ಉಣ್ಣುವವನನ್ನೂ ಅದು ಬಿಡುವುದಿಲ್ಲ. ಹಸಿ ಸೊಪ್ಪು, ಸೌತೆ, ಉಳ್ಳಾಗಡ್ಡಿ ಹೆಚ್ಚು ತಿನ್ನುವ ಶಾಕಾಹಾರಿಗೆ ಅಪಾಯ ಕಡಿಮೆಯೇನಲ್ಲ. ಹೊಟ್ಟೆಯಲ್ಲಿ ಮೊಟ್ಟೆಯೊಡೆದು ಹೊರಟ ಮರಿ ಮೆದುಳಿಗೆ ಹೋಗಿ ಕೂತರೆ, ಕೆಲವು ತಿಂಗಳೋ ಹಲವು ವರ್ಷವೋ ಸುಮ್ಮನಿದ್ದು, ಅದು ಸಾಯತೊಡಗಿದಾಗ ಸುತ್ತ ಊತವೆದ್ದು ಫಿಟ್ಸ್ ಬರುತ್ತದೆ.

ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಹೊಸದಾಗಿ ಫಿಟ್ಸ್ ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಸ್ಕ್ಯಾನಿನಲ್ಲಿ ಕಾಣುವ ಇಂಥ ಒಂಟಿ ಗಂಟನ್ನು ಮೊದಲು ಕ್ಷಯದ ಗಂಟೆಂದು ತಿಳಿದು ತಿಂಗಳಾನುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿಯೇ ಎಂದು 1980ರ ದಶಕದ ಕೊನೆಗೆ ಸಿದ್ಧಪಡಿಸಿ ತೋರಿಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು. ಇದನ್ನು ನಮಗೆ ಬಿಡಿಸಿ ಹೇಳಿದವರು ಬೆಂಗಳೂರಿನಲ್ಲಿರುವ ನಮ್ಮ ಸಹಪಾಠಿ ವೈದ್ಯರೊಬ್ಬರು. ಆ ದಿನ ಸಂಜೆಯೇ ನಾವು ಲೈನಿಗೆ ಹೋಗಿ ಆ ಹೆಣ್ಣುಮಗಳಿಗೆ, ನಿನ್ನ ಗಂಡ ಏನನ್ನೂ ಕದ್ದು ತಿಂದಿಲ್ಲವಮ್ಮ ಎಂದು ಹೇಳಿದೆವು. "ನನಗ ಗೊತ್ತಿತ್ರೀ" ಎಂದಳು. ಅಷ್ಟೇ.

ಮೊಟ್ಟೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯಿತು. 2021ರ ಕೊನೆಯಲ್ಲಿ ಅವರ ಮನೆಯ ಮದುವೆಗೆ ಕೊಣ್ಣೂರಿಗೆ ಹೋಗಿದ್ದೆವು. ಗೋಕಾಕದ ಜಲಪಾತಕ್ಕೆ ಹತ್ತಿರದ, ಈಗ ಪುರಸಭೆಯಾಗಿರುವ ಊರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಆ ಸೀಮೆಯನ್ನೆಲ್ಲ ಮುಳುಗಿಸಿದ್ದು, ಕಬ್ಬು ಗೋವಿನಜೋಳ ಕೊಚ್ಚಿಹೋಗಿ ಇವರು ಆ ವರ್ಷ ಬೇಗನೆ ನಮ್ಮ ಕೊಯ್ಲಿಗೆ ಹೊರಟು ಬಂದದ್ದು ಇದೆಲ್ಲ ಅಲ್ಲಿ ಕೂತಾಗ ತಿಳಿಯಿತು. ನಾಲೆಯ ಬದಿಯಲ್ಲಿ ಏಳೆಂಟು ಕರಿಹಂದಿಗಳು ಮರಿಗಳೊಡನೆ ಅಡ್ಡಾಡುತ್ತಿದ್ದವು. ಅದರ ಪಕ್ಕದಲ್ಲೇ ಕೊತ್ತಂಬರಿಯ ಮಡಿ. ಬಯಲಿಗೆ ಚೊಂಬು ಹಿಡಿದು ಹೋಗುವವರು ಇನ್ನೂ ಇದ್ದರು, ಮೊದಲಿನಷ್ಟಿಲ್ಲ ಎಂದರು. ಹಂದಿ ಸಾಕುವ ಮನೆಯವರ ಮೇಲೆ ಊರವರು ಬೆರಳು ತೋರಿಸುತ್ತಿದ್ದುದನ್ನೂ ಕೇಳಿದೆವು. ಇದು ಸರಿಯಲ್ಲ. ಮನುಷ್ಯನ ಮಲ ಬಯಲಿಗೆ ಬೀಳದಿದ್ದರೆ ಹಂದಿಗೆ ಈ ರೋಗ ಬರುವುದೇ ಇಲ್ಲ. ಹಂದಿಗೆ ರೋಗ ಕೊಟ್ಟವರು ನಾವು.

ಇಷ್ಟು ಹೇಳಿ ಕೊಣ್ಣೂರಿನ ಮೇಲೆ ಹೊರೆ ಹೊರಿಸಿ ಕೈ ತೊಳೆದುಕೊಳ್ಳುವುದು ನಮಗೆ ಸುಲಭವಾಗಿತ್ತು. ಆದರೆ ಆ ಆಳು ಬೀಳುವ ಹೊತ್ತಿಗೆ ನಮ್ಮ ತೋಟಕ್ಕೆ ಬರತೊಡಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ನಮ್ಮ ಲೈನಿನಲ್ಲಿ ಹದಿನಾಲ್ಕು ಸಂಸಾರಕ್ಕೆ ಎರಡೇ ಕಕ್ಕಸು, ಅದರಲ್ಲೊಂದಕ್ಕೆ ಬೇಸಗೆಯಲ್ಲಿ ನೀರಿಲ್ಲ. ಬಾಕಿಯವರು ಹಳ್ಳದ ಕಡೆಗೆ ಹೋಗುತ್ತಿದ್ದರು. ಅದೇ ಹಳ್ಳದ ನೀರು ಕೆಳಗಿನ ಸೊಪ್ಪಿನ ಮಡಿಗೆ. ಪಲ್ಪರಿಗೂ ಸ್ಪ್ರಿಂಕ್ಲರಿಗೂ ಸಾಲ ತೆಗೆದ ವರ್ಷ ಕಕ್ಕಸಿನ ಅಂದಾಜುಪಟ್ಟಿಯನ್ನು ಮುಂದಕ್ಕೆ ಹಾಕಿದವರು ನಾವೇ. ಮೊಟ್ಟೆ ಕೊಣ್ಣೂರಿನದೋ ನಮ್ಮ ಹಳ್ಳದ್ದೋ ಎಂದು ಯಾವ ಸ್ಕ್ಯಾನೂ ಹೇಳದು. 2020ರ ಮಳೆಗಾಲಕ್ಕೆ ಮುಂಚೆ ಇನ್ನೂ ಆರು ಕಕ್ಕಸು ಕಟ್ಟಿಸಿ ನೀರಿನ ತೊಟ್ಟಿ ಇಡಿಸಿದೆವು. ಒಂದು ಪಲ್ಪರಿನ ಬೆಲೆಯೂ ಆಗಲಿಲ್ಲ.

ಫಿಟ್ಸ್ ಬಂದವರನ್ನು ನೋಡಿಕೊಳ್ಳುವ ಬಗೆಯನ್ನು ಪ್ರತಿಯೊಬ್ಬ ರೈಟರಿಗೂ ಮೇಸ್ತ್ರಿಗೂ ಸದಸ್ಯರು ಹೇಳಿಕೊಡಬೇಕು. ಕೈಗೆ ಬೀಗದಕೈ ತುರುಕುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗದು. ಬಾಯಿಗೆ ಚಮಚ ಹಾಕಿದರೆ ಹಲ್ಲು ಮುರಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕತ್ತಿ ಕಲ್ಲು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು ಕಾಯಬೇಕು. ಐದು ನಿಮಿಷಕ್ಕೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ರೋಗಕ್ಕೆ ಔಷಧವುಂಟು, ಒಂಟಿ ಗಂಟು ಬಹಳ ಮಂದಿಯಲ್ಲಿ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಆದರೆ ಫಿಟ್ಸಿನ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬಾರದು. ಲೈನಿನವರಿಗೆಲ್ಲ ಲಾಡಿಹುಳುವಿನ ಮಾತ್ರೆ ಹಂಚೋಣವೆಂದು ಸದಸ್ಯರೊಬ್ಬರು ಉತ್ಸಾಹದಿಂದ ಹೇಳಿದರು. ಮೆದುಳಿನಲ್ಲಿ ಗೂಡಿರುವುದು ತಿಳಿಯದೆ ಅಂಥ ಮಾತ್ರೆ ನುಂಗಿದವರಿಗೆ ಅದರಿಂದಲೇ ಫಿಟ್ಸ್ ಬರಬಹುದು. ವೈದ್ಯರನ್ನು ಕೇಳದೆ ಹಂಚಬೇಡಿ.

ತಿನ್ನುವವರಿಗೆ ಎರಡು ಮಾತು. ಕೊಯ್ದ ಮಾಂಸದಲ್ಲಿ ಬಿಳಿಯ ಗುಳ್ಳೆ ಕಂಡರೆ ತೊಳೆದು ಸರಿಮಾಡುವ ಯೋಚನೆ ಬೇಡ, ಹೂಳಿಬಿಡಿ. ಗುಳ್ಳೆ ಕಾಣದಿದ್ದರೂ ಚಿಕ್ಕ ತುಂಡು ಮಾಡಿ, ಒಳಗೆ ಕೆಂಪು ಉಳಿಯದಂತೆ ಬೇಯಿಸಿ. ಬಹುಹೊತ್ತು ಬೇಯುವ ಪಂದಿಕರಿಯಲ್ಲಿ ಮರಿ ಉಳಿಯುವ ಭಯವಿಲ್ಲ. ಕೆಂಡದ ಮೇಲೆ ಸುಟ್ಟು, ಹೊರಗೆ ಕರಿದಾಗಿ ಒಳಗೆ ಹಸಿಯಾಗಿರುವ ತುಂಡು ಅಪಾಯ. ಅಟ್ಟದ ಹೊಗೆಯಲ್ಲಿ ಒಣಗಿಸಿದರೆ ಹುಳು ಸತ್ತೇಬಿಡುತ್ತದೆ ಎಂಬ ನೆಚ್ಚಿಕೆಯೂ ಬೇಡ, ಅದನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಇನ್ನು ಕಾಗದ ಬರೆದ ಸದಸ್ಯರಿಗೆ. ಹಂದಿ ಬೇಗ ಬೆಳೆಯುವ ಪ್ರಾಣಿ, ಇದು ನಿಜ. ಗಬ್ಬ 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನವೆಂದು ನೆನಪಿಡಬಹುದು. ಸೀಮೆ ತಳಿಯಾದ ದೊಡ್ಡ ಬಿಳಿ ಯಾರ್ಕ್‌ಷೈರ್ ಒಂದು ಸೂಲಿಗೆ ಎಂಟರಿಂದ ಹನ್ನೆರಡು ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸೂಲು ಸಾಧ್ಯ. ಹುಟ್ಟುವಾಗ ಒಂದು ಒಂದೂವರೆ ಕಿಲೋ ಇದ್ದ ಮರಿ ಏಳೆಂಟು ತಿಂಗಳಲ್ಲಿ 90 ಕಿಲೋ ಮುಟ್ಟುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಾಂಸವಾಗಿ ಸಿಗುತ್ತದೆ, ಕುರಿಗೆ ಐವತ್ತು ಸಿಗುವುದೂ ಕಷ್ಟ. ನಾಡಹಂದಿ ವರ್ಷಕ್ಕೂ ಅರ್ಧ ತೂಕ ಬರುವುದಿಲ್ಲ, ಆದರೆ ರುಚಿಯೂ ಗಟ್ಟಿತನವೂ ಅದರಲ್ಲೇ ಹೆಚ್ಚೆನ್ನುವವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ.

ಲೆಕ್ಕ ಎಡವುವುದು ಮೇವಿನಲ್ಲಿ. ಒಂದು ಕಿಲೋ ಮೈತೂಕ ಏರಲು ಮೂರು ಮೂರೂವರೆ ಕಿಲೋ ಹಿಂಡಿ ಬೂಸಾ ಬೇಕು. ಅಷ್ಟನ್ನೂ ಅಂಗಡಿಯಿಂದ ತಂದರೆ ಲಾಭ ಉಳಿಯುವುದು ಸಂದೇಹ. ಹೋಟೆಲು, ಹೋಂಸ್ಟೇಗಳ ಎಂಜಲು ತಂದರೆ ಖರ್ಚು ಇಳಿಯುತ್ತದೆ, ಆದರೆ ಅದರೊಡನೆ ಆಫ್ರಿಕನ್ ಹಂದಿ ಜ್ವರವೂ ಬರಬಹುದು. ನಮ್ಮ ದೇಶಕ್ಕೆ ಅದು 2020ರಲ್ಲಿ ಅಸ್ಸಾಮಿನ ಕಡೆಯಿಂದ ಕಾಲಿಟ್ಟು, 2022ರಲ್ಲಿ ನಮ್ಮ ಬೇಲಿಯಾಚೆಯ ವಯನಾಡಿನ ಮಾನಂದವಾಡಿಗೆ ಬಂದು ಅಲ್ಲಿ ಕೊಟ್ಟಿಗೆಗಳನ್ನೇ ಬರಿದು ಮಾಡಬೇಕಾಯಿತು. ಮನುಷ್ಯರಿಗೆ ಅದು ತಗಲದು. ಹಂದಿಗೆ ತಗಲಿದರೆ ಉಳಿಯುವುದು ಅಪರೂಪ. ಆದ್ದರಿಂದ ಎಂಜಲನ್ನು ಕನಿಷ್ಠ ಅರ್ಧ ಗಂಟೆ ಕುದಿಸಿಯೇ ಹಾಕಬೇಕು. ಹೊಸ ಹಂದಿ ತಂದರೆ ಒಂದು ತಿಂಗಳಾದರೂ ಬೇರೆ ಕಟ್ಟಬೇಕು. ಕಾಫಿ ಹಣ್ಣಿನ ಸಿಪ್ಪೆಯನ್ನು ಮೇವಾಗಿ ಹಾಕಬಹುದೇ ಎಂದೂ ಕೇಳಿದ್ದಾರೆ. ಅದರ ಕೆಫೀನು ಮತ್ತು ಒಗರು ಹಂದಿಗೆ ಒಗ್ಗುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಗೊಬ್ಬರದ ಗುಂಡಿಗೇ ಹೋಗಲಿ.

ಕೊಟ್ಟಿಗೆಗೆ ಸಿಮೆಂಟಿನ ನೆಲ, ಇಳಿಜಾರು, ಸೊಂಟದೆತ್ತರದ ಗೋಡೆ, ಮೈ ತಣಿಸಲು ನೀರಿನ ತೊಟ್ಟಿ ಬೇಕು. ಕೊಬ್ಬಿಸುವ ಹಂದಿ ಒಂದಕ್ಕೆ ಹತ್ತರಿಂದ ಹದಿನೆಂಟು ಚದರಡಿ ಸಾಕು. ಭತ್ತದ ಗದ್ದೆಯಿಂದಲೂ ಮನೆಗಳಿಂದಲೂ ದೂರವಿರಲಿ, ಏಕೆಂದರೆ ಮಿದುಳುಜ್ವರದ ವೈರಸ್ಸು ಹಂದಿಯಲ್ಲಿ ಬೆಳೆದು ಗದ್ದೆಯ ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆ. ಲಾಡಿಹುಳುವಿಗೆ ಹಂದಿಗೇ ಹಾಕುವ ಲಸಿಕೆಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ತಯಾರಿಸಿದೆ. ಅದರ ಬಗ್ಗೆ ಪಶುವೈದ್ಯರನ್ನು ವಿಚಾರಿಸಿ. ಕಟ್ಟಿ ಸಾಕಿದ, ಬಯಲು ಕಾಣದ ಹಂದಿಗೆ ಆ ಹುಳುವಿನ ಭಯ ಮೊದಲೇ ಕಡಿಮೆ. ಗೊಬ್ಬರವನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಸುರಿಯದೆ ಸೊಪ್ಪು ತರಗಿನೊಡನೆ ಕೊಳೆಸಿ ಹಾಕಿದರೆ ಒಳ್ಳೆಯ ಫಲ ಉಂಟು. ಹತ್ತಿಪ್ಪತ್ತಲ್ಲ, ಮೊದಲ ವರ್ಷ ನಾಲ್ಕೇ ಮರಿ ತಂದು ನೋಡಿ ಎಂಬುದು ನಮ್ಮ ಸಲಹೆ.

ಕೊಣ್ಣೂರಿನ ಆಳು ಎರಡು ವರ್ಷ ಮಾತ್ರೆ ನುಂಗಿದ. ಎರಡನೆಯ ಸ್ಕ್ಯಾನಿನಲ್ಲಿ ಗಂಟಿನ ಜಾಗದಲ್ಲಿ ಸುಣ್ಣದ ಒಂದು ಚುಕ್ಕೆ ಮಾತ್ರ ಉಳಿದಿತ್ತು. ಈಗಲೂ ಕೊಯ್ಲಿಗೆ ಬರುತ್ತಾನೆ, ಮರ ಹತ್ತುವ ಕೆಲಸ ಮಾತ್ರ ಕೊಡುವುದಿಲ್ಲ. ಬರುವಾಗ ಅವನ ತಾಯಿ ನಮಗೆಂದು ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸುತ್ತಾರೆ.